ಹಳೆಯ ಡೀಸೆಲ್ ಪಿಕಪ್ಪಿಗೆ ಸ್ವಯಂಚಾಲಿತ ಗೇರುಪೆಟ್ಟಿಗೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನು ದೂರದ ಊರುಗಳ ಜನ ಅಲ್ಲಿನ ದರ್ಗಾದಿಂದ ಬಲ್ಲರು. ಸುತ್ತಲಿನ ರೈತರಿಗಾದರೋ ಅದು ಟೊಮೇಟೊ, ಮಾವು, ರೇಷ್ಮೆಗೂಡುಗಳ ಸೀಮೆಯಲ್ಲಿರುವ ಒಂದು ಊರು. ಈ ಸೀಮೆಯ ಫಸಲು ಮಂಡಿಯನ್ನು ಸೇರುವುದು ಬಹುಮಟ್ಟಿಗೆ ಡೀಸೆಲ್ ಪಿಕಪ್ ಬಂಡಿಗಳ ಬೆನ್ನ ಮೇಲೆ. ಕೊಯ್ಲಿನ ಕಾಲದಲ್ಲಿ ಮಂಡಿಯ ಬಾಗಿಲ ಮುಂದೆ ಸಾಲುಗಟ್ಟಿ ನಿಂತ ಬಂಡಿಗಳು ಒಂದೊಂದು ಮಾರು ಮುಂದೆ ಸರಿಯುವಾಗಲೂ ಚಾಲಕನ ಎಡಗಾಲು ಕ್ಲಚ್ಚನ್ನು ತುಳಿದು ಬಿಡಬೇಕು. ಇಂತಹ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವನ ಎಡಮಂಡಿ ಒಂದು ದಿನ ಇನ್ನು ಆಗದು ಎಂದುಬಿಡುವುದುಂಟು. ಬಂಡಿಯಾದರೋ ಸಾಲ ತೀರಿ, ಎಂಜಿನ್ನು ಇನ್ನೂ ಗಟ್ಟಿಮುಟ್ಟಾಗಿರುತ್ತದೆ. ಕ್ಲಚ್ಚಿಲ್ಲದ ಹೊಸ ಬಂಡಿಯನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ಬೇರೆ ಕಸುಬು ಗೊತ್ತಿಲ್ಲ. ಹಾಗಿದ್ದರೆ, ಇದ್ದ ಎಂಜಿನ್ನನ್ನೇ ಉಳಿಸಿಕೊಂಡು ಅದರ ಹಿಂದೆ ಈ ಕಾಲದ ಸ್ವಯಂಚಾಲಿತ ಗೇರುಪೆಟ್ಟಿಗೆಯೊಂದನ್ನು ಕೂರಿಸಬಹುದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಯಂತ್ರವಿದ್ಯೆಯ ಅರ್ಧ ಪಠ್ಯಪುಸ್ತಕವೇ ನಮ್ಮ ಮುಂದೆ ಬಿಚ್ಚಿಕೊಳ್ಳುವುದರಿಂದ, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕದಲ್ಲಿ 1989ರಿಂದ ಡಾಡ್ಜ್ ಪಿಕಪ್ಪುಗಳಿಗೆ ಕಮಿನ್ಸ್ ಸಂಸ್ಥೆಯ 5.9 ಲೀಟರಿನ ಡೀಸೆಲ್ ಎಂಜಿನ್ನು ಬಂದಿತು. ಮೊದಲ ಬಂಡಿಗಳ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಮೂರೇ ಗೇರುಗಳಿದ್ದವು. ಎಂಜಿನ್ನು ಗಟ್ಟಿ, ಪೆಟ್ಟಿಗೆ ಹಳೆಯ ಕಾಲದ್ದು. ಆದ್ದರಿಂದ ಆ ಎಂಜಿನ್ನಿನ ಹಿಂದೆ ಹೊಸ ಪೆಟ್ಟಿಗೆಗಳನ್ನು ಜೋಡಿಸುವುದು ಅಲ್ಲಿ ಒಂದು ರೂಢಿಯ ಕಸುಬೇ ಆಗಿದೆ. ಅಲ್ಲಿ ಸಾಧ್ಯವಾದುದು ಇಲ್ಲಿಯೂ ಸಾಧ್ಯವೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಗೇರುಪೆಟ್ಟಿಗೆ ಏಕೆ ಬೇಕು ಎಂಬುದನ್ನೇ ಕೇಳಬೇಕು.

ಎಂಜಿನ್ನು ಒಂದು ದಂಡವನ್ನು ತಿರುಗಿಸುತ್ತದೆ. ಆ ತಿರುಗಿಸುವ ಸಾಮರ್ಥ್ಯವನ್ನು ಯಂತ್ರಜ್ಞರು ಟಾರ್ಕ್ ಎನ್ನುವರು. ನಾವು ತಿರುಗುಬಲ ಎಂದು ಕರೆಯೋಣ. ಸುಮಾರು 2.5 ಲೀಟರಿನ ಹಳೆಯ ಡೀಸೆಲ್ ಎಂಜಿನ್ನೊಂದು ನಿಮಿಷಕ್ಕೆ 1500ರಿಂದ 2000 ಸುತ್ತು ತಿರುಗುವಾಗ 180 ನ್ಯೂಟನ್-ಮೀಟರ್ ತಿರುಗುಬಲ ಕೊಡುತ್ತದೆಂದು ಇಟ್ಟುಕೊಳ್ಳೋಣ. ಬಂಡಿಯೂ ಹೊರೆಯೂ ಸೇರಿ ತೂಕ 3000 ಕಿಲೋಗ್ರಾಂ. ಹತ್ತಕ್ಕೆ ಒಂದರಷ್ಟು ಏರಿರುವ ರಸ್ತೆಯಲ್ಲಿ ಇದನ್ನು ಮೇಲಕ್ಕೆ ತಳ್ಳಲು ಗುರುತ್ವವನ್ನು ಎದುರಿಸುವುದಕ್ಕೆ ಸುಮಾರು 2940 ನ್ಯೂಟನ್, ಟೈರುಗಳ ಉರುಳುತಡೆಗೆ ಸುಮಾರು 440 ನ್ಯೂಟನ್, ಒಟ್ಟು ಹೆಚ್ಚುಕಡಿಮೆ 3400 ನ್ಯೂಟನ್ ಬಲ ಬೇಕು. ಚಕ್ರದ ತ್ರಿಜ್ಯ 35 ಸೆಂಟಿಮೀಟರ್ ಆದರೆ ಚಕ್ರದಲ್ಲಿ ಬೇಕಾದ ತಿರುಗುಬಲ ಸುಮಾರು 1190 ನ್ಯೂಟನ್-ಮೀಟರ್. ಎಂಜಿನ್ನಿನಲ್ಲಿರುವುದು 180! ಹಿಂದಿನ ಅಚ್ಚಿನ ಕ್ರೌನ್-ಪಿನಿಯನ್ ಹಲ್ಲುಚಕ್ರಗಳು ಇದನ್ನು 4.3 ಪಾಲು ಹೆಚ್ಚಿಸಿದರೂ 774 ಆಗುವುದಷ್ಟೆ. ಬಂಡಿ ಕದಲದು. ನಡುವೆ ಗೇರುಪೆಟ್ಟಿಗೆಯು ಮೊದಲ ಗೇರಿನಲ್ಲಿ ಇನ್ನೊಂದು 3.8 ಪಾಲು ಹೆಚ್ಚಿಸಿದಾಗ ಚಕ್ರಕ್ಕೆ 2940ರಷ್ಟು ತಲಪುತ್ತದೆ. ಬಂಡಿ ಸಲೀಸಾಗಿ ಏರುತ್ತದೆ. ಬಲ ಹೆಚ್ಚಿದ ಪ್ರಮಾಣದಲ್ಲಿ ವೇಗ ಕುಗ್ಗುವುದೇ ಇದಕ್ಕೆ ನಾವು ತೆರುವ ಬೆಲೆ. ಸನ್ನೆಗೋಲಿನ ನಿಯಮವೇ ಇಲ್ಲಿ ಚಕ್ರದ ರೂಪದಲ್ಲಿ ನಿಂತಿದೆ.

ಕೈಯಿಂದ ಬದಲಾಯಿಸುವ ಗೇರಿನಲ್ಲಿ ಹಲ್ಲುಚಕ್ರಗಳ ಜೊತೆಯನ್ನು ಬದಲಿಸುವ ಮುನ್ನ ಎಂಜಿನ್ನಿನ ಸಂಬಂಧವನ್ನು ಒಂದು ಕ್ಷಣ ಕಡಿಯಬೇಕು. ಕ್ಲಚ್ಚು ಇರುವುದು ಅದಕ್ಕಾಗಿ. ಅದಕ್ಕೆ ಇನ್ನೊಂದು ಕೆಲಸವೂ ಉಂಟು: ನಿಂತ ಬಂಡಿಯನ್ನು ತಿರುಗುತ್ತಿರುವ ಎಂಜಿನ್ನಿಗೆ ಮೆಲ್ಲಗೆ ಹೊಂದಿಸುವುದು. ಹಾಫ್ ಕ್ಲಚ್ ಎಂದು ಚಾಲಕರು ಹೇಳುವ ಸ್ಥಿತಿಯಲ್ಲಿ ಎರಡು ತಟ್ಟೆಗಳು ಒಂದರ ಮೇಲೊಂದು ಜಾರುತ್ತ ಉಜ್ಜಿಕೊಳ್ಳುತ್ತವೆ. ಸಾಲಿನಲ್ಲಿ ನಿಂತು ತೆವಳುವ ಬಂಡಿಯ ಕ್ಲಚ್ಚಿನಿಂದ ಬರುವ ಸುಟ್ಟವಾಸನೆ ಯಾರಿಗೆ ತಿಳಿಯದು?

ಈ ಎರಡು ತಟ್ಟೆಗಳ ಬದಲು ದ್ರವವನ್ನು ನಡುವೆ ಇಟ್ಟರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ರಸ್ತೆಯಲ್ಲಲ್ಲ, ಹಡಗುಕಟ್ಟೆಯಲ್ಲಿ. ಜರ್ಮನಿಯ ಸ್ಟೆಟಿನ್ ನಗರದ ವುಲ್ಕಾನ್ ಹಡಗುಕಟ್ಟೆಯಲ್ಲಿದ್ದ ಹೆರ್ಮಾನ್ ಫ್ಯೋಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಉಗಿಯ ಟರ್ಬೈನು ಬಲು ವೇಗವಾಗಿ ತಿರುಗಬೇಕು, ಹಡಗಿನ ಪ್ರೊಪೆಲ್ಲರು ನಿಧಾನವಾಗಿ ತಿರುಗಬೇಕು. ಇವೆರಡನ್ನೂ ಹೊಂದಿಸುವುದು ಅವನ ಮುಂದಿದ್ದ ಸಮಸ್ಯೆ. ಅವನ ಉಪಾಯವನ್ನು ಮನೆಯಲ್ಲಿಯೇ ನೋಡಬಹುದು. ಎರಡು ಮೇಜುಪಂಕಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ತು ಹಾಯಿಸಿದರೆ, ಅದರ ಗಾಳಿಯ ಹೊಡೆತಕ್ಕೆ ಮತ್ತೊಂದು ತಾನಾಗಿ ತಿರುಗತೊಡಗುತ್ತದೆ. ಎರಡನೆಯದನ್ನು ಬೆರಳಿನಿಂದ ತಡೆದು ಹಿಡಿದರೂ ಮೊದಲನೆಯದು ನಿಲ್ಲದು. ಗಾಳಿಯ ಬದಲು ಎಣ್ಣೆಯನ್ನು ಹಾಕಿ, ಎರಡನ್ನೂ ಒಂದೇ ಉಕ್ಕಿನ ಚಿಪ್ಪಿನೊಳಗೆ ಮುಚ್ಚಿದರೆ ದ್ರವದ ಜೋಡಣೆ ಸಿದ್ಧವಾಯಿತು. ಬಂಡಿ ನಿಂತಿದ್ದರೂ ಎಂಜಿನ್ನು ನಿಲ್ಲುವುದಿಲ್ಲ. ಉಜ್ಜಿ ಸವೆಯುವ ತಟ್ಟೆಯೂ ಇಲ್ಲ.

ಇಷ್ಟೇ ಆಗಿದ್ದರೆ ಅದು ಕ್ಲಚ್ಚಿನ ಸ್ಥಾನವನ್ನು ಮಾತ್ರ ತುಂಬುತ್ತಿತ್ತು. ಆದರೆ ಎರಡು ಚಕ್ರಗಳ ನಡುವೆ ಮೂರನೆಯದೊಂದನ್ನು ಇಟ್ಟಾಗ ಚಮತ್ಕಾರ ನಡೆಯುತ್ತದೆ. ಎಂಜಿನ್ನಿನಿಂದ ತಿರುಗುವ ಪಂಪುಚಕ್ರ ಎಣ್ಣೆಯನ್ನು ಹೊರಕ್ಕೆಸೆಯುತ್ತದೆ. ಆ ಎಣ್ಣೆ ಗೇರುಪೆಟ್ಟಿಗೆಯ ಕಡೆಯ ಟರ್ಬೈನುಚಕ್ರಕ್ಕೆ ಬಡಿದು ಅದನ್ನು ತಿರುಗಿಸಿ, ಹಿಂದಿರುಗುವಾಗ ಪಂಪಿನ ಗತಿಗೆ ವಿರುದ್ಧ ದಿಕ್ಕಿನಲ್ಲಿ ಬರುತ್ತದೆ. ನಡುವೆ ನಿಂತ ಸ್ಥಿರಚಕ್ರದ ಅಲಗುಗಳು ಈ ಹರಿವನ್ನು ತಿರುಗಿಸಿ ಪಂಪಿಗೆ ಅನುಕೂಲವಾದ ದಿಕ್ಕಿನಲ್ಲಿ ಮರಳಿ ಕಳುಹಿಸುತ್ತವೆ. ಈ ಮರುಬಳಕೆಯ ಫಲವಾಗಿ ಟರ್ಬೈನು ನಿಂತಿರುವಾಗ ಅದರ ಮೇಲೆ ಬೀಳುವ ತಿರುಗುಬಲವು ಎಂಜಿನ್ನು ಕೊಟ್ಟದ್ದರ ಸುಮಾರು ಇಮ್ಮಡಿಯಾಗುತ್ತದೆ. ಬಂಡಿ ವೇಗ ಪಡೆದಂತೆ ಈ ಹೆಚ್ಚಳ ಕರಗಿ ಒಂದಕ್ಕೆ ಇಳಿಯುತ್ತದೆ. ಆಗ ಸ್ಥಿರಚಕ್ರವೂ ಹರಿವಿನೊಡನೆ ಹಾಯಾಗಿ ತಿರುಗಲಾರಂಭಿಸುತ್ತದೆ. ಈ ಯಂತ್ರವನ್ನು ತಿರುಗುಬಲ ಪರಿವರ್ತಕ ಎನ್ನೋಣ. ಗ್ಯಾರೇಜುಗಳಲ್ಲಿ ಕನ್ವರ್ಟರ್ ಎಂದರೆ ಇದೇ.

ಇನ್ನು ಹಲ್ಲುಚಕ್ರಗಳ ಮಾತು. ಸ್ವಯಂಚಾಲಿತ ಪೆಟ್ಟಿಗೆಯೊಳಗೆ ಹಲ್ಲುಚಕ್ರಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಅವುಗಳ ವ್ಯವಸ್ಥೆ ಸೌರವ್ಯೂಹದಂತೆ. ನಡುವೆ ಸೂರ್ಯಚಕ್ರ, ಅದರ ಸುತ್ತ ಮೂರು ನಾಲ್ಕು ಗ್ರಹಚಕ್ರಗಳು, ಅವುಗಳನ್ನು ಹೊರಗಿನಿಂದ ಬಳಸಿದ ಒಳಹಲ್ಲಿನ ಬಳೆಚಕ್ರ. ಗ್ರಹಚಕ್ರಗಳ ಕೀಲುಗಳನ್ನೆಲ್ಲ ಹಿಡಿದ ಚೌಕಟ್ಟಿಗೆ ವಾಹಕ ಎಂದು ಹೆಸರು. ಸೂರ್ಯನಿಗೆ 30 ಹಲ್ಲು, ಬಳೆಗೆ 60 ಹಲ್ಲು ಇದೆಯೆಂದುಕೊಳ್ಳಿ. ಬಳೆಯನ್ನು ಕದಲದಂತೆ ಹಿಡಿದು ಸೂರ್ಯನನ್ನು ತಿರುಗಿಸಿದರೆ ವಾಹಕವು ಸೂರ್ಯನ ಮೂರು ಸುತ್ತಿಗೆ ಒಂದು ಸುತ್ತು ತಿರುಗುತ್ತದೆ. ಸೂರ್ಯನನ್ನೇ ಹಿಡಿದು ಬಳೆಯನ್ನು ತಿರುಗಿಸಿದರೆ ಒಂದೂವರೆ ಸುತ್ತಿಗೆ ಒಂದು. ಯಾವುದೇ ಎರಡನ್ನು ಒಟ್ಟಿಗೆ ಬಿಗಿದರೆ ಇಡೀ ವ್ಯವಸ್ಥೆ ಒಂದು ಗುಂಡಿನಂತೆ ತಿರುಗಿ ಒಂದಕ್ಕೆ ಒಂದು. ವಾಹಕವನ್ನು ಹಿಡಿದು ಸೂರ್ಯನನ್ನು ತಿರುಗಿಸಿದರೆ ಬಳೆಯು ಅರ್ಧ ವೇಗದಲ್ಲಿ ಹಿಂದುಮುಂದಾಗಿ ತಿರುಗುತ್ತದೆ. ಅದೇ ರಿವರ್ಸ್ ಗೇರು. ಯಾವ ಹಲ್ಲನ್ನೂ ಸರಿಸದೆ, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬುದರಿಂದಲೇ ನಾಲ್ಕು ಗೇರುಗಳು ದೊರೆತವು. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಓದಿ ನಂಬುವುದಕ್ಕಿಂತ ಅದರಲ್ಲಿ ಹೆಚ್ಚು ಸಂತೋಷವಿದೆ. ಹಿಡಿಯುವ ಬಿಡುವ ಕೆಲಸವನ್ನು ಎಣ್ಣೆಯ ಒತ್ತಡದಿಂದ ಬಿಗಿಯುವ ಬಹುತಟ್ಟೆಯ ಕ್ಲಚ್ಚುಗಳು ಮಾಡುತ್ತವೆ. ಹೆನ್ರಿ ಫೋರ್ಡನ 1908ರ ಟಿ ಮಾದರಿಯ ಕಾರಿನಲ್ಲಿಯೂ ಗ್ರಹಚಕ್ರಗಳೇ ಇದ್ದವು. ಆದರೆ ಅವುಗಳನ್ನು ಚಾಲಕನು ಕಾಲಿನಿಂದ ತುಳಿದು ಹಿಡಿಯಬೇಕಾಗಿತ್ತು.

ದ್ರವದ ಜೋಡಣೆಯನ್ನೂ ಗ್ರಹಚಕ್ರಗಳನ್ನೂ ಸೇರಿಸಿ, ಯಾವಾಗ ಯಾವ ಗೇರು ಎಂಬುದನ್ನು ಎಣ್ಣೆಯ ಒತ್ತಡದಿಂದಲೇ ನಿರ್ಧರಿಸುವ ಪೆಟ್ಟಿಗೆಯನ್ನು ಜನರಲ್ ಮೋಟಾರ್ಸ್ ಸಂಸ್ಥೆ 1939ರಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಹೊರತಂದಿತು. ಎಪ್ಪತ್ತು ವರ್ಷಗಳ ತರುವಾಯ, 2009ರಲ್ಲಿ, ಜರ್ಮನಿಯ ಝಡ್‌ಎಫ್ ಸಂಸ್ಥೆಯ ಎಂಟು ಗೇರಿನ ಪೆಟ್ಟಿಗೆ ಕಾರುಗಳಿಗೆ ಬಂದಿತು. ನಾಲ್ಕು ಗ್ರಹವ್ಯೂಹಗಳು, ಐದೇ ಐದು ಹಿಡಿತಗಳು. ಯಾವ ಗೇರಿನಲ್ಲಿಯೂ ಐದರಲ್ಲಿ ಮೂರು ಬಿಗಿದು ಎರಡು ಮಾತ್ರ ಬಿಚ್ಚಿರುತ್ತವೆ. ಬಿಚ್ಚಿದ ತಟ್ಟೆಗಳು ಎಣ್ಣೆಯಲ್ಲಿ ಎಳೆದಾಡಿ ವ್ಯರ್ಥಮಾಡುವ ಶಕ್ತಿ ಇದರಿಂದ ಬಹಳ ಕಡಿಮೆಯಾಯಿತು. ಮೊದಲ ಗೇರು ಸುಮಾರು 4.7, ಎಂಟನೆಯದು 0.67. ಹಳೆಯ ಪಿಕಪ್ಪಿನ ಐದು ಗೇರುಗಳು ಹರಡುವ ಹರವಿಗಿಂತ ಇದು ಬಹಳ ಹೆಚ್ಚು. ನಮ್ಮ ಲೆಕ್ಕಗಳಿಗೆ ಇದನ್ನೇ ಮಾದರಿಯಾಗಿ ಹಿಡಿಯೋಣ.

ಈಗ ಹಳೆಯ ಪೆಟ್ಟಿಗೆಯನ್ನು ಕೆಳಗಿಳಿಸಿ ಹೊಸದನ್ನು ಎತ್ತಿಹಿಡಿದರೆ ಮೊದಲು ಕಾಣುವ ಸಂಗತಿಯೆಂದರೆ ಬೋಲ್ಟಿನ ರಂಧ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಒಂದು ಜೋಡುಫಲಕ ಬೇಕು. ದಪ್ಪ ಅಲ್ಯುಮಿನಿಯಮ್ ಅಥವಾ ಉಕ್ಕಿನ ಹಲಗೆಯ ಒಂದು ಮಗ್ಗುಲಿಗೆ ಎಂಜಿನ್ನಿನ ರಂಧ್ರಗಳು, ಇನ್ನೊಂದು ಮಗ್ಗುಲಿಗೆ ಪೆಟ್ಟಿಗೆಯ ರಂಧ್ರಗಳು. ಕೇಳಲು ಸುಲಭ. ಆದರೆ ಕ್ರ್ಯಾಂಕುದಂಡದ ಕೇಂದ್ರವೂ ಪೆಟ್ಟಿಗೆಯ ಕೇಂದ್ರವೂ ಒಂದೇ ಗೆರೆಯಲ್ಲಿರಬೇಕು. ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಕ್ಕಿಂತ ಹೆಚ್ಚಿನ ಅಂತರವನ್ನು ಸಹಿಸುವಂತಿಲ್ಲ. ಕಣ್ಣಳತೆಗೆ ಇಲ್ಲಿ ಸ್ಥಾನವಿಲ್ಲ. ಡಯಲ್ ಗೇಜನ್ನು ಕ್ರ್ಯಾಂಕಿಗೆ ಕಟ್ಟಿ ಫಲಕದ ಸುತ್ತ ತಿರುಗಿಸಿ ಅಳೆದು, ಗುರಿಗೂಟಗಳನ್ನು ಕೂರಿಸಿ, ಆಮೇಲೆ ಬೋಲ್ಟು ಬಿಗಿಯಬೇಕು. ಅಂತರ ಉಳಿದರೆ ಮೊದಲು ಹಾಳಾಗುವುದು ಪೆಟ್ಟಿಗೆಯ ಮುಂಭಾಗದ ಎಣ್ಣೆಪಂಪು ಮತ್ತು ಅದರ ಸೀಲು. ಲೇತ್ ಹಿಡಿದು ಬೆಳೆದ ಕೈಗಳಿರುವ ಊರಿನಲ್ಲಿ ಇದು ಅಸಾಧ್ಯವಲ್ಲ. ಆದರೆ ಅವಸರದ ಕೆಲಸವಂತೂ ಅಲ್ಲ.

ಫಲಕದ ಹಿಂದೆ ಇನ್ನೊಂದು ಸೂಕ್ಷ್ಮವಿದೆ. ಹಳೆಯ ಭಾರಿ ಫ್ಲೈವೀಲನ್ನು ತೆಗೆದು, ಅಲ್ಲಿ ಸ್ವಲ್ಪ ಬಾಗಬಲ್ಲ ತೆಳುವಾದ ಉಕ್ಕಿನ ತಟ್ಟೆಯನ್ನು ಹಾಕಿ ಪರಿವರ್ತಕವನ್ನು ಅದಕ್ಕೆ ಬಿಗಿಯುತ್ತಾರೆ. ಸ್ಟಾರ್ಟರಿನ ಹಲ್ಲುಬಳೆ ಹಿಂದಿದ್ದ ಜಾಗದಲ್ಲಿಯೇ ಬರುವಂತೆ ನೋಡಿಕೊಳ್ಳಬೇಕು. ಪರಿವರ್ತಕದ ಕುತ್ತಿಗೆಯು ಎಣ್ಣೆಪಂಪಿನ ಗಾಡಿಗಳೊಳಗೆ ಪೂರ್ತಿ ಕೂತಿರಬೇಕು. ಕೂತ ಬಳಿಕ ತಟ್ಟೆಗೂ ಅದಕ್ಕೂ ನಡುವೆ ಎರಡು ಮೂರು ಮಿಲಿಮೀಟರಿನಷ್ಟು ಎಡೆ ಉಳಿಯಬೇಕು. ಎಡೆ ಇಲ್ಲದೆ ಬೋಲ್ಟಿನ ಬಲದಿಂದಲೇ ಎರಡು ಭಾಗಗಳನ್ನು ಸೆಳೆದು ಸೇರಿಸಿದರೆ, ಎಂಜಿನ್ನು ಒಂದು ಸುತ್ತು ತಿರುಗುವುದರೊಳಗೆ ಪಂಪು ಚೂರಾಗುತ್ತದೆ. ದುಬಾರಿ ಪೆಟ್ಟಿಗೆಯೊಂದು ರಸ್ತೆಗೆ ಇಳಿಯುವ ಮೊದಲೇ ಸಾಯಲು ಇದು ಅತ್ಯಂತ ಸುಲಭವಾದ ದಾರಿ.

ಹೊಸ ಪೆಟ್ಟಿಗೆಯ ಉದ್ದ ಬೇರೆ ಇರುವುದರಿಂದ ಅದನ್ನು ಹೊರುವ ಅಡ್ಡಪಟ್ಟಿಯನ್ನು ಸರಿಸಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕಿ ಮತ್ತೆ ಸಮತೂಕಕ್ಕೆ ತರಬೇಕು, ಅದರ ಎರಡು ತುದಿಯ ಜಾಯಿಂಟುಗಳ ಕೋನಗಳು ಸಮನಾಗಿರಬೇಕು. ವೇಗಮಾಪಕದ ತಂತಿಗೂ ಹೊಸ ಆಸರೆ ಹುಡುಕಬೇಕು. ಇವೆಲ್ಲ ತಿಳಿದ ಕೆಲಸಗಳೇ.

ತಿಳಿಯದ ಕಡೆ ಇರುವುದು ಪರಿವರ್ತಕದಲ್ಲಿ. ಪಂಪುಚಕ್ರವನ್ನು ತಿರುಗಿಸಲು ಬೇಕಾದ ಬಲವು ಅದರ ವೇಗದ ವರ್ಗಕ್ಕೂ ಅದರ ವ್ಯಾಸದ ಐದನೆಯ ಘಾತಕ್ಕೂ ಅನುಪಾತದಲ್ಲಿದೆ. ವ್ಯಾಸವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿದರೆ ಬಲ 1.6 ಪಾಲಾಗುವುದು ಎಂದ ಮೇಲೆ ಈ ನಿಯಮದ ಕಟುತನ ತಿಳಿಯುತ್ತದೆ. ಪೆಟ್ರೋಲ್ ಕಾರೊಂದರ ಪೆಟ್ಟಿಗೆಯನ್ನು ಅದರ ಪರಿವರ್ತಕದೊಡನೆಯೇ ತಂದಿದ್ದೇವೆನ್ನಿ. ಅದು 180 ನ್ಯೂಟನ್-ಮೀಟರ್ ಬಲವನ್ನು ಹೀರಿ ನಿಲ್ಲುವುದು 2500 ಸುತ್ತಿನಲ್ಲಿ. ಅಂದರೆ 1500 ಸುತ್ತಿನಲ್ಲಿ ಅದು ಹೀರುವುದು ವರ್ಗದ ನಿಯಮದಂತೆ ಸುಮಾರು 65 ಮಾತ್ರ. ಆದರೆ ನಮ್ಮ ಡೀಸೆಲ್ ಎಂಜಿನ್ನು ತನ್ನ ಪೂರ್ಣ ಬಲವನ್ನು 1500ರಲ್ಲಿಯೇ ಕೊಡಬಲ್ಲುದು. ಫಲವೇನು? ಚಾಲಕನು ವೇಗವರ್ಧಕವನ್ನು ಒತ್ತಿದಾಗ ಎಂಜಿನ್ನು ಅಬ್ಬರಿಸಿ ಮೇಲೇರುತ್ತದೆ, ಬಂಡಿ ಸೋಮಾರಿಯಂತೆ ಹಿಂದೆ ಉಳಿಯುತ್ತದೆ, ನಡುವಿನ ವ್ಯತ್ಯಾಸವೆಲ್ಲ ಎಣ್ಣೆಯ ಬಿಸಿಯಾಗುತ್ತದೆ. ಡೀಸೆಲ್ಲಿಗೆ ಬೇಕಾದುದು 1600ರಿಂದ 2000 ಸುತ್ತಿನೊಳಗೆ ಹಿಡಿತ ಸಾಧಿಸುವ ಪರಿವರ್ತಕ. ಆದುದರಿಂದ ಮೂಲದಲ್ಲಿಯೇ ಡೀಸೆಲ್ ಬಂಡಿಗೆಂದು ಮಾಡಿದ ಪೆಟ್ಟಿಗೆಯನ್ನು ಹುಡುಕುವುದೇ ಜಾಣತನವೆಂದು ನಮ್ಮ ಅಭಿಪ್ರಾಯ. ಬೆಲೆ ಕಡಿಮೆಯೆಂದು ಪೆಟ್ರೋಲ್ ಕಾರಿನದನ್ನು ತರುವವರು ಆ ಉಳಿತಾಯವನ್ನು ಡೀಸೆಲ್ಲಿನ ಬಂಕಿನಲ್ಲಿ ತೆರುತ್ತಾರೆ.

ಹೊಂದುವ ಪರಿವರ್ತಕ ಸಿಕ್ಕಿತೆಂದರೂ ಇನ್ನೊಂದು ಲೆಕ್ಕ ಹಾಕಲೇಬೇಕು. ಎಂಜಿನ್ನಿನ 180ನ್ನು ಪರಿವರ್ತಕ ಇಮ್ಮಡಿಸಿ 360 ಮಾಡಿತು. ಮೊದಲ ಗೇರಿನ 4.7, ಹಿಂದಿನ ಅಚ್ಚಿನ 4.3. ಗುಣಿಸಿದರೆ 7270ಕ್ಕೂ ಹೆಚ್ಚು! ಹಳೆಯ ಪೆಟ್ಟಿಗೆಯ ಮೊದಲ ಗೇರಿನಲ್ಲಿ ಇದೇ ಅಚ್ಚಿಗೆ ಬರುತ್ತಿದ್ದುದು 2940. ಎರಡೂವರೆ ಪಾಲು ಹೊರೆ ಏಕಾಏಕಿ ಬಿದ್ದರೆ ಕ್ರೌನ್-ಪಿನಿಯನ್ನಿನ ಹಲ್ಲು ಹಾರಬಹುದು, ಅಚ್ಚಿನ ದಂಡ ತಿರುಚಬಹುದು. ಒಣ ರಸ್ತೆಯಲ್ಲಿ ಟೈರು ಜಾರುವುದರಿಂದ ಪೂರ್ತಿ 7270 ಎಂದೂ ಮುಟ್ಟದೆಂಬುದು ನಿಜ. ಆದರೆ ಹಿಂದೆ ಟೊಮೇಟೊ ಪೆಟ್ಟಿಗೆಗಳ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಕೂತಿರುವಾಗ ಟೈರು ಸುಲಭವಾಗಿ ಜಾರುವುದೂ ಇಲ್ಲ. ಎರಡನೆಯ ಗೇರಿನಲ್ಲಿ ಹೊರಡುವಂತೆ ವ್ಯವಸ್ಥೆ ಮಾಡಿದರೂ 4850ರ ಹತ್ತಿರ ಬರುತ್ತದೆ. ಹೊರಡುವಾಗ ವೇಗವರ್ಧಕವನ್ನು ಪೂರ್ತಿ ಒತ್ತದಂತೆ ತಡೆಯೊಂದನ್ನು ಇಡದೆ ಗತಿಯಿಲ್ಲ. ಗೇರುಪೆಟ್ಟಿಗೆಯನ್ನು ಬದಲಿಸುವವರು ಸಾಮಾನ್ಯವಾಗಿ ಮರೆಯುವ ಲೆಕ್ಕ ಇದು.

ಮುಂದಿನ ಸಮಸ್ಯೆ ಮಿದುಳಿನದು. ಗೇರು ಯಾವಾಗ ಬದಲಾಗಬೇಕೆಂದು ತಿಳಿಯಲು ಪೆಟ್ಟಿಗೆಗೆ ಎರಡು ಸಂಗತಿ ಗೊತ್ತಿರಬೇಕು: ಬಂಡಿ ಎಷ್ಟು ವೇಗವಾಗಿ ಹೋಗುತ್ತಿದೆ, ಎಂಜಿನ್ನು ಎಷ್ಟು ದುಡಿಯುತ್ತಿದೆ. ಮೊದಲನೆಯದು ಸುಲಭ. ಎರಡನೆಯದನ್ನು ಹಿಂದಿನ ಪೆಟ್ರೋಲ್ ಕಾರುಗಳ ಹಲವು ಪೆಟ್ಟಿಗೆಗಳು ಎಂಜಿನ್ನು ಗಾಳಿ ಸೇದುವ ಕೊಳವೆಯೊಳಗಿನ ನಿರ್ವಾತದಿಂದ ಅರಿಯುತ್ತಿದ್ದವು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಬಾಗಿಲನ್ನು ಮುಚ್ಚಿ ತೆರೆದು ಶಕ್ತಿಯನ್ನು ನಿಯಂತ್ರಿಸುವುದರಿಂದ ಹೊರೆ ಕಡಿಮೆಯಾದಾಗ ನಿರ್ವಾತ ಹೆಚ್ಚುತ್ತದೆ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಅಂತಹ ಬಾಗಿಲೇ ಇಲ್ಲ. ಅದು ಯಾವಾಗಲೂ ಎದೆ ತುಂಬ ಗಾಳಿ ಸೇದಿ, ಎಣ್ಣೆಯ ಪ್ರಮಾಣವನ್ನು ಮಾತ್ರ ಬದಲಿಸುತ್ತದೆ. ಆದ್ದರಿಂದ ಆ ಸಂಕೇತ ಇಲ್ಲಿ ದೊರೆಯದು. ಈ ಕಾಲದ ಪೆಟ್ಟಿಗೆಗಾದರೋ ಎಂಜಿನ್ನಿನ ಗಣಕವು ತಂತಿಯ ಮೂಲಕ ಸೆಕೆಂಡಿಗೆ ಹಲವು ಸಾರಿ ಸುದ್ದಿ ಕಳುಹಿಸಬೇಕು: ಸುತ್ತು ಇಷ್ಟು, ಬಲ ಇಷ್ಟು, ಕಾಲು ಇಷ್ಟು ಒತ್ತಿದೆ ಎಂದು. ನಮ್ಮ ಹಳೆಯ ಎಂಜಿನ್ನಿನಲ್ಲಿ ಗಣಕವೇ ಇಲ್ಲ. ಇಂಧನಪಂಪಿನೊಳಗೆ ತೂಕಗಳೂ ಸ್ಪ್ರಿಂಗುಗಳೂ ಸೇರಿದ ಒಂದು ಗವರ್ನರು ಮಾತ್ರ ಇದೆ.

ಇದಕ್ಕೆ ಪರಿಹಾರ ಪ್ರತ್ಯೇಕ ನಿಯಂತ್ರಕವೊಂದನ್ನು ಇಡುವುದು. ಪಂಪಿನ ಸನ್ನೆಗೆ ಒಂದು ಸ್ಥಾನಸಂವೇದಕ, ಹಲ್ಲುಬಳೆಯ ಎದುರಿಗೆ ಸುತ್ತು ಎಣಿಸುವ ಒಂದು ಸಂವೇದಕ, ಇವುಗಳಿಂದ ಬಂದ ಸುದ್ದಿಯನ್ನು ಪೆಟ್ಟಿಗೆಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಗಣಕ. ಇಂತಹ ನಿಯಂತ್ರಕಗಳು ಹೊರದೇಶಗಳಲ್ಲಿ ತಯಾರಾಗಿ ಮಾರಾಟವಾಗುತ್ತವೆ. ಆದರೆ ಸನ್ನೆಯ ಸ್ಥಾನವೇ ಎಂಜಿನ್ನಿನ ಬಲವಲ್ಲ. ಗವರ್ನರು ತನ್ನ ಇಚ್ಛೆಯಂತೆ ಎಣ್ಣೆಯನ್ನು ಹೆಚ್ಚುಕಡಿಮೆ ಮಾಡುತ್ತಿರುವುದರಿಂದ, ಸನ್ನೆ ಅರ್ಧಕ್ಕಿದ್ದರೂ ಏರಿನಲ್ಲಿ ಎಂಜಿನ್ನು ಪೂರ್ತಿ ದುಡಿಯುತ್ತಿರಬಹುದು. ಆದ್ದರಿಂದ ಸುತ್ತು, ಸನ್ನೆ ಎರಡನ್ನೂ ಅಡ್ಡ ಉದ್ದ ಬರೆದು, ಪ್ರತಿಯೊಂದು ಚೌಕಕ್ಕೂ ಬಲವೆಷ್ಟೆಂದು ತುಂಬಿದ ಕೋಷ್ಟಕವೊಂದನ್ನು ರಸ್ತೆಯ ಮೇಲೆ ಓಡಿಸಿ ನೋಡಿ ತಯಾರಿಸಬೇಕಾಗುತ್ತದೆ. ಮತ್ತೂ ಒಂದು ತೊಡಕು. ಹೊಸ ಬಂಡಿಗಳಲ್ಲಿ ಗೇರು ಬದಲಾಗುವ ಆ ಅರ್ಧ ಸೆಕೆಂಡಿನೊಳಗೆ ಎಂಜಿನ್ನಿನ ಗಣಕವು ಬಲವನ್ನು ತಾನಾಗಿ ತಗ್ಗಿಸಿ ಪೆಟ್ಟಿಗೆಯ ಕ್ಲಚ್ಚುಗಳಿಗೆ ಬಿಡುವು ಕೊಡುತ್ತದೆ. ಹಳೆಯ ಎಂಜಿನ್ನಿಗೆ ಈ ಸೌಜನ್ಯ ತಿಳಿಯದು. ಕ್ಲಚ್ಚುಗಳು ಪೂರ್ಣಬಲವನ್ನು ಹೊತ್ತುಕೊಂಡೇ ಬದಲಾಗಬೇಕಾದುದರಿಂದ, ಎಂಜಿನ್ನು ಕೊಡುವುದಕ್ಕಿಂತ ಬಹಳ ಹೆಚ್ಚು ಬಲ ತಾಳುವ ಪೆಟ್ಟಿಗೆಯನ್ನೇ ಆರಿಸುವುದು ಕ್ಷೇಮ.

ಎಂಟು ಗೇರುಗಳಿವೆಯಲ್ಲ, ಅವೆಲ್ಲ ಉಪಯೋಗಕ್ಕೆ ಬರುತ್ತವೆಯೆ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 455 ಸುತ್ತು ತಿರುಗುತ್ತದೆ; ಪ್ರೊಪೆಲ್ಲರ್ ಶಾಫ್ಟು 1955 ಸುತ್ತು. ಎಂಟನೆಯ ಗೇರಿನಲ್ಲಿ ಎಂಜಿನ್ನು ಸುಮಾರು 1310ರಲ್ಲಿರುತ್ತದೆ. ಅಲ್ಲಿ 150 ನ್ಯೂಟನ್-ಮೀಟರ್ ದೊರೆಯುವುದಾದರೆ ಶಕ್ತಿ ಸುಮಾರು 20 ಕಿಲೋವಾಟ್. ಸಮತಟ್ಟಾದ ರಸ್ತೆಯಲ್ಲಿ ಗಾಳಿಯನ್ನೂ ಉರುಳುತಡೆಯನ್ನೂ ಎದುರಿಸಲು ಬೇಕಾದುದು 11 ಕಿಲೋವಾಟಿನಷ್ಟು, ಸಾಕು. ಆದರೆ ಐವತ್ತಕ್ಕೆ ಒಂದರ ಏರು, ಕಣ್ಣಿಗೆ ಕಾಣದಷ್ಟು ಏರು, ಬಂದೊಡನೆ ಇನ್ನೂ 10 ಕಿಲೋವಾಟ್ ಬೇಕಾಗಿ ಲೆಕ್ಕ ತಪ್ಪುತ್ತದೆ. ಪೆಟ್ಟಿಗೆ ಏಳಕ್ಕೆ ಇಳಿಯುತ್ತದೆ; ಏರು ಮುಗಿಯಿತೆಂದು ಎಂಟಕ್ಕೆ ಹೋಗುತ್ತದೆ; ಮತ್ತೆ ಏಳಕ್ಕೆ. ಚಿಂತಾಮಣಿಯ ಸುತ್ತಿನ ಅಲೆಅಲೆಯಾದ ಬಯಲಿನಲ್ಲಿ ಈ ತೂಗಾಟ ತಲೆಬೇನೆಯಾದೀತು. ಹೊರೆಯಿರುವಾಗ ಎಂಟನೆಯ ಗೇರನ್ನು ಮುಚ್ಚಿಬಿಡುವುದು ಉಪಾಯ. ಅಲ್ಲದೆ ನಾಲ್ಕು ಸಿಲಿಂಡರಿನ ಎಂಜಿನ್ನು ಆ ವೇಗದಲ್ಲಿ ಸೆಕೆಂಡಿಗೆ 44 ಸಾರಿ ಗುದ್ದುತ್ತದೆ. ಪರಿವರ್ತಕವು ಬೀಗ ಬಿದ್ದು ನೇರ ಸಂಬಂಧ ಏರ್ಪಟ್ಟಾಗ ಆ ಗುದ್ದೆಲ್ಲ ಚಾಲಕನ ಬೆನ್ನಿಗೇ ತಲಪುತ್ತದೆ.

ಬೀಗ ಎಂದೆವು. ದ್ರವದ ಜೋಡಣೆಯಲ್ಲಿ ಸದಾ ಸ್ವಲ್ಪ ಜಾರಿಕೆ ಉಂಟು. ಅದನ್ನು ತಪ್ಪಿಸಲು ವೇಗ ಬಂದ ಮೇಲೆ ಪಂಪನ್ನೂ ಟರ್ಬೈನನ್ನೂ ಒಂದು ಕ್ಲಚ್ಚಿನಿಂದ ಬಿಗಿಯುವ ಏರ್ಪಾಟು 1949ರ ಪ್ಯಾಕರ್ಡ್ ಕಾರಿನಲ್ಲಿಯೇ ಬಂದಿತ್ತು. ಬೀಗ ಬೀಳದಿರುವಾಗ ಆಗುವ ನಷ್ಟ ಅಲ್ಪವಲ್ಲ. ಏರಿನಲ್ಲಿ ಎಂಜಿನ್ನು 30 ಕಿಲೋವಾಟ್ ಕೊಡುತ್ತಿದ್ದು ಅದರಲ್ಲಿ ಐದನೆಯ ಒಂದು ಪಾಲು ಜಾರಿಕೆಯಲ್ಲಿ ಹೋದರೆ 6 ಕಿಲೋವಾಟ್ ಬಿಸಿಯಾಯಿತು. ಇಪ್ಪತ್ತು ಲೀಟರಿನ ಒಂದು ಬಕೆಟ್ ತಣ್ಣೀರನ್ನು ಎಂಟು ನಿಮಿಷದಲ್ಲಿ ಸ್ನಾನಕ್ಕೆ ಅಣಿಮಾಡಬಲ್ಲ ಬಿಸಿ ಅದು. ಪೆಟ್ಟಿಗೆಯಲ್ಲಿರುವುದು ಎಂಟೊಂಬತ್ತು ಲೀಟರ್ ಎಣ್ಣೆ. ಎಣ್ಣೆಯೊಂದನ್ನೇ ಲೆಕ್ಕ ಹಿಡಿದರೆ ಎರಡೂವರೆ ಸೆಕೆಂಡಿಗೆ ಒಂದು ಡಿಗ್ರಿಯಂತೆ ಕಾಯುತ್ತದೆ. 120 ಡಿಗ್ರಿ ಮೀರಿದ ಎಣ್ಣೆ ಬೇಗ ಕೆಡುತ್ತದೆ. ಕೆಟ್ಟ ಎಣ್ಣೆ ಕ್ಲಚ್ಚುಗಳನ್ನು ಸುಡುತ್ತದೆ. ಆದುದರಿಂದ ರೇಡಿಯೇಟರಿನ ಮುಂದೆ ಎಣ್ಣೆ ತಣಿಸುವ ಪ್ರತ್ಯೇಕ ಜಾಲರಿ, ಚಾಲಕನ ಕಣ್ಣಮುಂದೆ ಎಣ್ಣೆಯ ಉಷ್ಣತೆ ತೋರಿಸುವ ಮುಳ್ಳು, ಇವೆರಡನ್ನೂ ಬಿಡುವಂತಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮಾವಿನ ಹೊರೆ ಹೊತ್ತು ತೆವಳುವ ಬಂಡಿಗೆ ಈ ಮುಳ್ಳು ಡೀಸೆಲ್ಲಿನ ಮುಳ್ಳಿಗಿಂತಲೂ ಮುಖ್ಯ.

ಇನ್ನು ಚಾಲಕನ ಅಭ್ಯಾಸಗಳ ವಿಷಯ. ಬ್ಯಾಟರಿ ಸತ್ತಾಗ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ನಿತ್ಯದ ನೋಟ. ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಅದು ಸಾಗದು. ಎಣ್ಣೆಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ನು ನಿಂತಿರುವಾಗ ಒತ್ತಡವಿಲ್ಲ, ಒತ್ತಡವಿಲ್ಲದೆ ಯಾವ ಕ್ಲಚ್ಚೂ ಬಿಗಿಯದು, ಬಿಗಿಯದೆ ಚಕ್ರದ ತಿರುಗು ಎಂಜಿನ್ನನ್ನು ಮುಟ್ಟದು. ಎಷ್ಟು ದೂರ ತಳ್ಳಿದರೂ ಬೆವರು ಮಾತ್ರ ಲಾಭ. ಇದೇ ಕಾರಣಕ್ಕಾಗಿ ಕೆಟ್ಟು ನಿಂತ ಬಂಡಿಯನ್ನು ಹಿಂದಿನ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆದೊಯ್ಯಲೂಬಾರದು. ಎಣ್ಣೆಯ ಲೇಪನವಿಲ್ಲದೆ ಒಳಗಿನ ಚಕ್ರಗಳು ಒಣಗಿ ಉಜ್ಜುತ್ತವೆ. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಎಳೆಯಬೇಕು.

ಇಳಿಜಾರಿನ ಮಾತು ಇದಕ್ಕಿಂತ ಗಂಭೀರ. ಚೆನ್ನೈಗೆ ಹೋಗುವ ಟೊಮೇಟೊ ಬಂಡಿಗಳು ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿಯಲ್ಲಿ ಇಳಿಯಬೇಕು. ಅಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿ ಬಂಡಿಯನ್ನು ಉರುಳಿಸುವ ದುರಭ್ಯಾಸ ಕೆಲವರಿಗುಂಟು. ಕೈಗೇರಿನಲ್ಲಿಯೇ ಅದು ಪ್ರಾಣದೊಡನೆ ಆಟ. ಬ್ರೇಕು ಕಾಯ್ದು ಹಿಡಿತ ಕಳೆದುಕೊಂಡರೆ ತಡೆಯಲು ಏನೂ ಉಳಿಯದು. ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಎಂಜಿನ್ನು ಆರಿಸಿ ಉರುಳಿಸಿದರೆ ಪೆಟ್ಟಿಗೆಯೂ ಸುಡುತ್ತದೆ. ನ್ಯೂಟ್ರಲ್ಲಿಗೆ ಹಾಕದಿದ್ದರೂ ಕ್ಷೇಮವೆಂದು ತಿಳಿಯಬಾರದು. ಗಾಳಿಯ ಬಾಗಿಲಿಲ್ಲದ ಡೀಸೆಲ್ ಎಂಜಿನ್ನು ಬಂಡಿಯನ್ನು ಹಿಡಿದೆಳೆಯುವುದು ಮೊದಲೇ ಕಡಿಮೆ. ನಡುವೆ ದ್ರವ ಜಾರಿದರೆ ಇನ್ನೂ ಕಡಿಮೆ. ಇಳಿಜಾರಿನಲ್ಲಿ ಪರಿವರ್ತಕದ ಬೀಗ ಬಿದ್ದೇ ಇರುವಂತೆ, ಪೆಟ್ಟಿಗೆ ತಾನಾಗಿ ಮೇಲಿನ ಗೇರಿಗೆ ಹಾರದಂತೆ, ಚಾಲಕನು ಕೈಯಿಂದ ಮೂರನ್ನೋ ಎರಡನ್ನೋ ಹಿಡಿದಿಡುವಂತೆ ನಿಯಂತ್ರಕದಲ್ಲಿ ಏರ್ಪಡಿಸಬೇಕು. ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿ ಚೆನ್ನಾಗಿದೆ ಎನ್ನುವವನು ಅರ್ಧ ಪರೀಕ್ಷೆ ಮಾತ್ರ ಮಾಡಿದ್ದಾನೆ.

ಕಾನೂನನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯು ಅಂಗವೈಕಲ್ಯವುಳ್ಳವರ ಬಳಕೆಗೆಂದು ಹೊಂದಿಸಿದ ವಾಹನಗಳಿಗೆ ಪ್ರತ್ಯೇಕ ಅವಕಾಶ ಕಲ್ಪಿಸಿದೆ. ನಮ್ಮ ಚಾಲಕನು ಆ ದಾರಿಯಲ್ಲಿ ಹೋಗಬಹುದಾದರೂ, ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮುನ್ನ ಸಾರಿಗೆ ಕಚೇರಿಯ ಮಂಜೂರಾತಿಯನ್ನೂ ವಿಮಾ ಸಂಸ್ಥೆಯ ಒಪ್ಪಿಗೆಯನ್ನೂ ಲಿಖಿತವಾಗಿ ಪಡೆಯಬೇಕು. ಅಪಘಾತವಾದ ದಿನ ಕೇಳುವ ಮೊದಲ ಪ್ರಶ್ನೆ ಅದೇ.

ಹಾಗಾದರೆ ಡೀಸೆಲ್ ಪಿಕಪ್ಪಿಗೂ ಸ್ವಯಂಚಾಲಿತ ಗೇರಿಗೂ ಎಣ್ಣೆಸೀಗೆಕಾಯಿಯ ಸಂಬಂಧವೆ? ಹಾಗೇನೂ ಇಲ್ಲ. ಬೆಂಗಳೂರು ನಗರಸಾರಿಗೆಯ ವೋಲ್ವೊ ಬಸ್ಸುಗಳನ್ನು ಹತ್ತಿದವರೆಲ್ಲ ಡೀಸೆಲ್ ಎಂಜಿನ್ನಿನ ಹಿಂದೆ ಇಂತಹ ಪೆಟ್ಟಿಗೆ ಎಷ್ಟು ಮೃದುವಾಗಿ ದುಡಿಯುತ್ತದೆಂಬುದನ್ನು ಕಂಡಿದ್ದಾರೆ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟ ಹೈಲಕ್ಸ್ ಪಿಕಪ್ಪಿನಲ್ಲಿ ಒಂದು ಸ್ವಾರಸ್ಯವಿದೆ: 2.8 ಲೀಟರಿನ ಒಂದೇ ಡೀಸೆಲ್ ಎಂಜಿನ್ನಿಗೆ ಕೈಗೇರಿನೊಡನೆ 420 ನ್ಯೂಟನ್-ಮೀಟರ್, ಆರು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯೊಡನೆ 500 ನ್ಯೂಟನ್-ಮೀಟರ್. ಪೆಟ್ಟಿಗೆಗೆ ತಕ್ಕಂತೆ ಎಂಜಿನ್ನಿನ ಬಲವನ್ನೇ ತಯಾರಕರು ಹೊಂದಿಸಿದ್ದಾರೆ. ಎಂಜಿನ್ನು, ಪರಿವರ್ತಕ, ಪೆಟ್ಟಿಗೆ, ಅಚ್ಚು, ಗಣಕ ಇವೈದನ್ನೂ ಒಂದೇ ಮೇಜಿನ ಮೇಲೆ ಇಟ್ಟು ಲೆಕ್ಕ ಹಾಕಿದವರಿಗೆ ಸುಲಭವಾದುದು, ಒಂದೊಂದನ್ನು ಒಂದೊಂದು ಗುಜರಿಯಿಂದ ತಂದವರಿಗೆ ಕಷ್ಟವಾಗುತ್ತದೆ.

ಎಡಮಂಡಿ ಸೋತ ಚಾಲಕನಿಗೆ ಇನ್ನೊಂದು ದಾರಿಯೂ ಉಂಟು. ಪೆಟ್ಟಿಗೆಯನ್ನು ಮುಟ್ಟದೆ ಕ್ಲಚ್ಚನ್ನು ಮಾತ್ರ ಯಂತ್ರಕ್ಕೆ ಒಪ್ಪಿಸುವುದು. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ನಮ್ಮ ದೇಶದಲ್ಲಿ ಹೆಸರಾದ ಏರ್ಪಾಟು ಇದರ ಬಂಧು: ಹಲ್ಲುಚಕ್ರಗಳು ಕೈಗೇರಿನವೇ, ಕ್ಲಚ್ಚೂ ಹಿಂದಿನದೇ, ತುಳಿಯುವುದು ಮತ್ತು ಗೇರು ಬದಲಿಸುವುದು ಮಾತ್ರ ಯಂತ್ರದ ಕೆಲಸ. ಪಿಕಪ್ಪಿಗೆ ಇಷ್ಟೂ ಬೇಡ. ಗೇರಿನ ಕೋಲನ್ನು ಚಾಲಕನೇ ಎಡಗೈಯಿಂದ ಬದಲಿಸಲಿ. ಕೋಲಿನ ತಲೆಯ ಮೇಲಿನ ಗುಂಡಿಯನ್ನು ಒತ್ತಿದಾಗ ವಿದ್ಯುತ್ ಮೋಟಾರೊಂದು ಕ್ಲಚ್ಚನ್ನು ಎಳೆದು, ಬಿಟ್ಟಾಗ ಮೆಲ್ಲಗೆ ಕೂರಿಸಿದರೆ ಸಾಕು. ಜೋಡುಫಲಕವಿಲ್ಲ, ಎಣ್ಣೆ ತಣಿಸುವ ಜಾಲರಿಯಿಲ್ಲ, ಅಚ್ಚಿಗೆ ಹೊಸ ಹೊರೆಯಿಲ್ಲ. ತಳ್ಳಿ ಸ್ಟಾರ್ಟ್ ಮಾಡುವುದಕ್ಕೂ ಅಡ್ಡಿಯಿಲ್ಲ. ಮಂಜೂರಾತಿ ಮಾತ್ರ ಇದಕ್ಕೂ ಬೇಕು. ಕಾಲಿಲ್ಲದೆ ಓಡಿಸುವವರಿಗಾಗಿ ಕಾರುಗಳಲ್ಲಿ ಇಂತಹ ಸಾಧನಗಳು ಹಿಂದಿನಿಂದಲೂ ಇವೆ. ಇದರ ದೋಷವೆಂದರೆ ಹಾಫ್ ಕ್ಲಚ್ಚಿನ ಉಜ್ಜಾಟ ಹಾಗೆಯೇ ಉಳಿಯುವುದು: ಮಂಡಿಯ ಸಾಲಿನಲ್ಲಿ ಹೊರೆಯೊಡನೆ ಅರ್ಧ ಗಂಟೆ ತೆವಳಿದರೆ ಮೋಟಾರು ದಣಿಯದು, ಆದರೆ ತಟ್ಟೆ ಸುಡುತ್ತದೆ. ಅದಕ್ಕಾಗಿ ಕ್ಲಚ್ಚಿನ ಗೂಡಿಗೆ ಉಷ್ಣಮಾಪಕವೊಂದನ್ನು ಸೇರಿಸಿ, ಬಿಸಿ ಮಿತಿ ಮೀರಿದಾಗ ಗಂಟೆ ಬಾರಿಸುವಂತೆ ಮಾಡಬಹುದು.